ಸ್ವಪ್ರಾಣನ್ಯಾಯವೂ ಅದರ ದುರ್ವಿನಿಯೋಗವೂ

ಧರ್ಮಶಾಸ್ತ್ರದ ವಾಕ್ಯಗಳಿಗೆ ಇಬ್ಬರು ಶತ್ರುಗಳುಂಟು. ಓದದೆ ನಿಂದಿಸುವವನೊಬ್ಬನು, ಅರ್ಧವನ್ನು ಮಾತ್ರ ಓದಿ ಹೊಗಳುವವನು ಇನ್ನೊಬ್ಬನು. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಪ್ರಸಿದ್ಧವಾಗಿರುವ ಒಂದು ನ್ಯಾಯವು ಈ ಇಬ್ಬರ ಕೈಗೂ ಸಿಕ್ಕಿ ಬಹುಕಾಲದಿಂದ ನಲುಗುತ್ತಿರುವುದು. ಇಬ್ಬರಲ್ಲಿ ಒಬ್ಬನು ಮಾತ್ರವೇ ಬದುಕಬಹುದಾದ ಸಂಕಟದಲ್ಲಿ ತನ್ನ ಪ್ರಾಣಕ್ಕೆ ಪರರ ಪ್ರಾಣಕ್ಕಿಂತ ಮೊದಲನೆಯ ಸ್ಥಾನವೆಂಬುದು ಅದರ ತಾತ್ಪರ್ಯ. ಹೇಳುವುದಕ್ಕೆ ಸುಲಭವಾಗಲೆಂದು ಇದನ್ನು ಸ್ವಪ್ರಾಣನ್ಯಾಯವೆಂದು ಕರೆಯಬಹುದು.

ನಿಂದಕರು ಈ ನ್ಯಾಯವನ್ನು ಹಿಡಿದು, ಸ್ವಾರ್ಥಕ್ಕೆ ಶಾಸ್ತ್ರದ ಮುದ್ರೆಯೊತ್ತಿದ ಜನಾಂಗವಿದೆಂದು ಯೆಹೂದ್ಯರನ್ನು ಹಳಿಯುತ್ತಾರೆ. ಸ್ತಾವಕರು ಇದನ್ನೇ ಹಿಡಿದು, ಮೊದಲು ತಾನು, ತನ್ನ ಮನೆ, ತನ್ನ ಗಂಟು, ಮಿಕ್ಕುದೆಲ್ಲ ಆಮೇಲೆ ಎಂಬ ತಮ್ಮ ನಿತ್ಯದ ನಡತೆಗೆ ಪುರಾತನವಾದ ಪ್ರಮಾಣವೊಂದು ದೊರೆಯಿತೆಂದು ಹಿಗ್ಗುತ್ತಾರೆ. ಹಳಿಯುವವರಿಗೂ ಹಿಗ್ಗುವವರಿಗೂ ಬಾಯಿ ಬೇರೆಯಾದರೂ ಪ್ರಮಾದವು ಒಂದೇ. ಸಾವಿನ ಬಾಯಲ್ಲಿ ನಿಂತವನಿಗೆ ಹೇಳಿದ ಮಾತನ್ನು ಇವರು ಊಟದ ಮಣೆಯ ಮೇಲೆ ಕುಳಿತವನಿಗೆ ಹೇಳಿದುದೆಂದು ತಿಳಿದಿರುವರು.

ಶಿಬಿ, ದಧೀಚಿ, ಜೀಮೂತವಾಹನರ ಕಥೆಗಳನ್ನು ಕೇಳಿ ಬೆಳೆದ ಕನ್ನಡದ ಮನೆಗಳಲ್ಲಿ ಈ ನ್ಯಾಯವು ಮೊದಲ ಸಲ ಕಿವಿಗೆ ಬಿದ್ದಾಗ ಹುಬ್ಬು ಗಂಟಿಕ್ಕುವುದು ಸಹಜವೇ ಸರಿ. ಆದರೂ ಆಕರವನ್ನು ನೋಡದೆ ತೀರ್ಪು ಹೇಳುವುದು ವಿವೇಕಿಗಳ ಕ್ರಮವಲ್ಲ. ಮೊದಲು ಆಕರವೇನೆಂಬುದನ್ನು ನೋಡಬೇಕು.

ಬಾಬಿಲೋನಿಯದ ತಾಲ್ಮುದ್ ಎಂಬ ಮಹಾಗ್ರಂಥದಲ್ಲಿ ಬಾವಾ ಮೆಟ್ಸಿಯಾ ಎಂಬುದೊಂದು ಭಾಗ. ಅದರ 62ನೆಯ ಪತ್ರದಲ್ಲಿ ಈ ವಿಷಯವು ಬರುವುದು. ಯಾಜಕಕಾಂಡಕ್ಕೆ ಸಂಬಂಧಪಟ್ಟ ಸಿಫ್ರಾ ಎಂಬ ಪ್ರಾಚೀನ ವ್ಯಾಖ್ಯಾನದಲ್ಲಿಯೂ ಇದೆ. ಇಬ್ಬರು ಮರುಭೂಮಿಯಲ್ಲಿ ನಡೆಯುತ್ತಿದ್ದಾರೆ. ಅವರಲ್ಲಿ ಒಬ್ಬನ ಕೈಯಲ್ಲಿ ಮಾತ್ರ ಒಂದು ಕುಡಿಕೆ ನೀರಿದೆ. ಒಬ್ಬನೇ ಕುಡಿದರೆ ಅವನು ಊರನ್ನು ಮುಟ್ಟುವನು. ಇಬ್ಬರೂ ಹಂಚಿಕೊಂಡು ಕುಡಿದರೆ ಇಬ್ಬರೂ ದಾರಿಯಲ್ಲಿಯೇ ಸಾಯುವರು. ಮಾಡತಕ್ಕದ್ದೇನು? ಬೆನ್ ಪೆಟೂರಾ ಎಂಬ ವಿದ್ವಾಂಸನು, ಒಬ್ಬನು ಮತ್ತೊಬ್ಬನ ಮರಣವನ್ನು ಕಣ್ಣಾರೆ ನೋಡುವುದಕ್ಕಿಂತ ಇಬ್ಬರೂ ಕುಡಿದು ಇಬ್ಬರೂ ಸಾಯುವುದು ಮೇಲೆಂದನು. ಮುಂದೆ ರಬ್ಬಿ ಅಕೀವನು ಬಂದು ಇದನ್ನು ಒಪ್ಪದೆ, ನೀರಿರುವವನು ತಾನೇ ಕುಡಿಯಬಹುದೆಂದು ನಿರ್ಣಯಿಸಿದನು. ಇಬ್ಬರಿಗೂ ಆಧಾರವು ಯಾಜಕಕಾಂಡದ 25ನೆಯ ಅಧ್ಯಾಯದ ಒಂದೇ ವಾಕ್ಯ. ಸಹೋದರನು ನಿನ್ನೊಡನೆ ಬದುಕಬೇಕೆಂಬುದು ಅಲ್ಲಿಯ ವಿಧಿ. ಬೆನ್ ಪೆಟೂರಾ ‘ಸಹೋದರ’ ಎಂಬ ಪದಕ್ಕೆ ಒತ್ತು ಕೊಟ್ಟನು. ಅಕೀವನು ‘ನಿನ್ನೊಡನೆ’ ಎಂಬ ಪದಕ್ಕೆ ಒತ್ತು ಕೊಟ್ಟನು. ನೀನೇ ಇಲ್ಲದಮೇಲೆ ನಿನ್ನೊಡನೆ ಬದುಕುವುದೆಂತು ಎಂಬುದು ಅವನ ಯುಕ್ತಿ.

ಸ್ತಾವಕರು ಓದದೆ ಬಿಡುವ ಸಂಗತಿಯೊಂದು ಇಲ್ಲಿಯೇ ಇದೆ. ಆ ವಾಕ್ಯವು ಮೂಲದಲ್ಲಿ ಯಾವ ಪ್ರಕರಣದ್ದು? ಬಡ್ಡಿಯ ನಿಷೇಧದ್ದು. ನೆರೆಯವನು ಬಡವನಾಗಿ ಕೈಸೋತಾಗ ಅವನಿಗೆ ಆಸರೆ ಕೊಡು, ಕೊಟ್ಟ ಹಣಕ್ಕೆ ಬಡ್ಡಿ ಕೇಳಬೇಡ, ಅವನು ನಿನ್ನೊಡನೆ ಬಾಳಲಿ ಎಂಬುದು ಅದರ ಪೂರ್ವಾಪರ. ತಾಲ್ಮುದಿನಲ್ಲಿಯೂ ಮರುಭೂಮಿಯ ಮಾತು ಬರುವುದು ಬಡ್ಡಿಯ ವಿಚಾರಕ್ಕೆ ಮೀಸಲಾದ ಅಧ್ಯಾಯದಲ್ಲಿಯೇ. ತೆಗೆದುಕೊಂಡ ಬಡ್ಡಿಯನ್ನು ನ್ಯಾಯಸ್ಥಾನವು ಹಿಂದಕ್ಕೆ ಕೊಡಿಸಬಹುದೇ ಎಂಬ ಚರ್ಚೆಯು ನಡೆಯುತ್ತಿದೆ. ಬಡವನು ಬದುಕಬೇಕಾದುದರಿಂದ ಹಿಂದಕ್ಕೆ ಕೊಡಿಸಬೇಕೆಂದು ರಬ್ಬಿ ಎಲಾಜಾರನು ಈ ವಾಕ್ಯವನ್ನು ಉದಾಹರಿಸುತ್ತಾನೆ. ರಬ್ಬಿ ಯೋಹಾನಾನನ ಪಕ್ಷದಲ್ಲಿ ಅದೇ ವಾಕ್ಯಕ್ಕೆ ಬೇರೆ ವಿನಿಯೋಗವನ್ನು ತೋರಿಸಬೇಕಾಗಿ ಬಂದಾಗ ಮರುಭೂಮಿಯ ಪ್ರಸಂಗವು ಪ್ರವೇಶಿಸುವುದು. ಹೀಗೆ ಬಡವನನ್ನು ಹಿಂಡಬಾರದೆಂಬ ವಿಧಿಯ ಗರ್ಭದಲ್ಲಿ ಹುಟ್ಟಿದ ನ್ಯಾಯವನ್ನು ಬಡವನಿಗೆ ಬಾಗಿಲು ಮುಚ್ಚುವುದಕ್ಕೆ ಬಳಸುವವನು ತಾಯಿಯ ಒಡವೆಯನ್ನು ಕದ್ದು ತಾಯಿಯ ಮೇಲೆಯೇ ದಾವೆ ಹೂಡುವವನಿಗೆ ಸಮಾನನು.

ಇನ್ನು ನ್ಯಾಯದ ಅವಯವಗಳನ್ನು ಬಿಡಿಸಿ ನೋಡಬೇಕು. ನೀರು ಒಬ್ಬನ ಸ್ವತ್ತು, ಅವನ ಕೈಯಲ್ಲಿದೆ. ಇದು ಮೊದಲನೆಯ ನಿಬಂಧನೆ. ಒಬ್ಬನಿಗೆ ಸಾಕು, ಇಬ್ಬರಿಗೆ ಸಾಲದು, ಇದು ಎರಡನೆಯದು. ಹಂಚಿಕೊಂಡರೆ ತನಗೂ ಮರಣವು ನಿಶ್ಚಯ, ಇದು ಮೂರನೆಯದು. ಈ ಮೂರರಲ್ಲಿ ಒಂದು ಜಾರಿದರೂ ಅಕೀವನ ನಿರ್ಣಯಕ್ಕೆ ಅಲ್ಲಿ ಪ್ರವೇಶವಿಲ್ಲ. ಎರಡು ಕುಡಿಕೆ ನೀರಿದ್ದವನ ಮಾತನ್ನು ಅಕೀವನು ಆಡಿಲ್ಲ. ಹಂಚಿಕೊಂಡರೆ ತುಸು ಬಾಯಾರಿ ನಡೆಯಬೇಕಾದೀತೆಂದು ಹೆದರುವವನ ಮಾತನ್ನೂ ಆಡಿಲ್ಲ. ಅಂಥವರಿಗೆ ಬೇರೆ ವಿಧಿಯಿದೆ: ನೆರೆಯವನ ರಕ್ತವು ಹರಿಯುತ್ತಿರುವಾಗ ಸುಮ್ಮನೆ ನಿಂತು ನೋಡಕೂಡದೆಂದು ಯಾಜಕಕಾಂಡದ 19ನೆಯ ಅಧ್ಯಾಯವು ವಿಧಿಸುವುದು. ಹೊಳೆಯಲ್ಲಿ ಮುಳುಗುತ್ತಿರುವವನನ್ನೂ ಮೃಗದ ಬಾಯಿಗೆ ಸಿಕ್ಕಿದವನನ್ನೂ ಕಳ್ಳರು ಮುತ್ತಿದವನನ್ನೂ ಕಂಡವನು ಬಿಡಿಸಲೇಬೇಕೆಂದು ತಾಲ್ಮುದಿನ ಸನ್‌ಹೆದ್ರಿನ್ ಭಾಗವು ಇದರಿಂದಲೇ ಸಾಧಿಸಿದೆ. ತನ್ನಿಂದಾಗದಿದ್ದರೆ ಕೂಲಿಯಾಳುಗಳನ್ನು ಗೊತ್ತುಮಾಡಿಯಾದರೂ ಬಿಡಿಸಬೇಕೆಂದು ಅಲ್ಲಿ ಹೇಳಿರುವುದರಿಂದ, ಹಣದ ಖರ್ಚೆಂಬ ನೆವಕ್ಕೂ ಎಡೆಯಿಲ್ಲ.

ಪ್ರಾಣಕ್ಕೂ ಸೌಕರ್ಯಕ್ಕೂ ಇರುವ ಅಂತರವನ್ನು ನೆದಾರಿಮ್ ಎಂಬ ಭಾಗದ ಒಂದು ವಿಚಾರವು ಇನ್ನಷ್ಟು ಸ್ಪಷ್ಟಪಡಿಸುವುದು. ಒಂದು ಊರಿಗೆ ಒಂದು ಬುಗ್ಗೆಯಿದೆ. ಅದರ ನೀರು ಸಾಲದು. ಊರವರ ಕುಡಿಯುವ ನೀರಿಗೂ ಪರವೂರವರ ಕುಡಿಯುವ ನೀರಿಗೂ ಸ್ಪರ್ಧೆಯಾದರೆ ಊರವರಿಗೆ ಮೊದಲು. ಊರವರ ದನಗಳಿಗೂ ಪರವೂರಿನ ದನಗಳಿಗೂ ಆದರೆ ಊರಿನ ದನಗಳಿಗೆ ಮೊದಲು. ಊರವರ ಬಟ್ಟೆ ಒಗೆಯುವುದಕ್ಕೂ ಪರವೂರವರ ಬಟ್ಟೆ ಒಗೆಯುವುದಕ್ಕೂ ಆದರೆ ಊರವರದೇ ಮೊದಲು. ಆದರೆ ಊರವರ ಬಟ್ಟೆಗೂ ಪರವೂರವರ ಪ್ರಾಣಕ್ಕೂ ಸ್ಪರ್ಧೆಯಾದಾಗ ಪರವೂರವರ ಪ್ರಾಣವೇ ಮೊದಲೆಂದು ವಿಧಿಸಿದೆ. ಇಲ್ಲಿ ರಬ್ಬಿ ಯೋಸೆಯೊಬ್ಬನು ಭಿನ್ನಮತವನ್ನು ಹೇಳುವನೆಂಬುದನ್ನು ಮರೆಮಾಡತಕ್ಕದ್ದಿಲ್ಲ. ಅವನ ಮತದಲ್ಲಿ ಸ್ವಂತ ಬಟ್ಟೆಯ ಒಗೆತವೂ ಮೊದಲೇ. ಆದರೆ ಅದಕ್ಕೆ ತಾಲ್ಮುದು ಕೊಡುವ ಸಮಾಧಾನವನ್ನು ಗಮನಿಸಬೇಕು: ಕೊಳಕು ಬಟ್ಟೆಯಿಂದ ಬುದ್ಧಿಭ್ರಮಣೆಯೇ ಉಂಟಾಗುವುದೆಂದು ಆಚಾರ್ಯ ಶ್ಮುಯೇಲನ ವೈದ್ಯಮತವನ್ನು ಅಲ್ಲಿ ಎತ್ತಿ ಹೇಳಿದೆ. ಭಿನ್ನಮತವನ್ನು ಹೇಳಿದವನು ಕೂಡ ಬಟ್ಟೆಯನ್ನು ರೋಗಭಯದ ಮೆಟ್ಟಿಲಿಗೆ ಏರಿಸಿದ ಹೊರತು ಪ್ರಾಣದ ಎದುರಿಗೆ ನಿಲ್ಲಿಸಲಾರದೆ ಹೋದನೆಂದಮೇಲೆ, ಬರಿಯ ಸೌಖ್ಯಕ್ಕೆ ಈ ಶಾಸ್ತ್ರದಲ್ಲಿ ಎಷ್ಟು ಬೆಲೆಯೆಂಬುದನ್ನು ವಾಚಕರೇ ಊಹಿಸಬಹುದು.

ನ್ಯಾಯದ ಇನ್ನೊಂದು ಮುಖವು ಮೊದಲನೆಯದಕ್ಕಿಂತಲೂ ಮುಖ್ಯವಾದುದು. ಪ್ರಾಣರಕ್ಷಣೆಗಾಗಿ ಯೆಹೂದ್ಯರ ಶಾಸ್ತ್ರವು ಸಬ್ಬತ್ ದಿನದ ನಿಯಮವನ್ನೂ ಆಹಾರದ ನಿಯಮವನ್ನೂ ಮುರಿಯಗೊಡಿಸುವುದು. ವಿಗ್ರಹಪೂಜೆ, ನಿಷಿದ್ಧಸಂಗ, ನರಹತ್ಯೆ ಎಂಬ ಮೂರು ಮಾತ್ರ ಇದಕ್ಕೆ ಹೊರಗು. ಸತ್ತರೂ ಅವುಗಳನ್ನು ಮಾಡಕೂಡದು. ನರಹತ್ಯೆಯು ಏಕೆ ಕೂಡದೆಂಬುದಕ್ಕೆ ಬಾಬಿಲೋನಿಯದ ರಾವಾ ಎಂಬ ಆಚಾರ್ಯನ ಮುಂದೆ ಬಂದ ಪ್ರಸಂಗವನ್ನು ಉದಾಹರಿಸುತ್ತಾರೆ. ಕೆಲವು ಪಾಠಗಳಲ್ಲಿ ಆಚಾರ್ಯನ ಹೆಸರು ರಬ್ಬಾ ಎಂದಿದೆ. ಒಬ್ಬನಿಗೆ ಅವನ ಊರಿನ ಅಧಿಕಾರಿಯು, ಇಂಥವನನ್ನು ಕೊಲ್ಲು, ಇಲ್ಲವಾದರೆ ನಿನ್ನನ್ನು ಕೊಲ್ಲಿಸುವೆನೆಂದು ಆಜ್ಞೆ ಮಾಡಿದನು. ಕೊಲ್ಲಲೇ ಎಂದು ಅವನು ಆಚಾರ್ಯನನ್ನು ಕೇಳಿದನು. ಸಾಯಿ, ಕೊಲ್ಲಬೇಡ ಎಂದು ಆಚಾರ್ಯನು ಉತ್ತರವಿತ್ತನು. ಕೇಳಿದವನ ರಕ್ತವು ಆ ಇನ್ನೊಬ್ಬನ ರಕ್ತಕ್ಕಿಂತ ಹೆಚ್ಚು ಕೆಂಪೆಂಬುದಕ್ಕೆ ಆಧಾರವೇನು, ಅವನದೇ ಹೆಚ್ಚು ಕೆಂಪಾಗಿರಬಾರದೇಕೆ ಎಂಬುದು ಆತನ ಆಕ್ಷೇಪ.

ಮೇಲುನೋಟಕ್ಕೆ ಅಕೀವನ ನಿರ್ಣಯವೂ ರಾವಾನ ನಿರ್ಣಯವೂ ಪರಸ್ಪರ ವಿರುದ್ಧವೆಂದು ತೋರುವುವು. ಒಂದರಲ್ಲಿ ತನ್ನ ಪ್ರಾಣವು ಮೊದಲು. ಇನ್ನೊಂದರಲ್ಲಿ ತನ್ನ ಪ್ರಾಣವನ್ನೇ ತೆರಬೇಕು. ವಿಚಾರಿಸಿದರೆ ಎರಡಕ್ಕೂ ಬೇರು ಒಂದೇ. ಯಾವ ಪ್ರಾಣವೂ ಮತ್ತೊಂದು ಪ್ರಾಣಕ್ಕಿಂತ ಹೆಚ್ಚು ತೂಗುವುದಿಲ್ಲ. ತೂಗಿ ನೋಡುವ ಅಧಿಕಾರವೂ ಮನುಷ್ಯನಿಗಿಲ್ಲ. ತೂಕವು ಸಮವಾದಾಗ ಕೈಹಾಕಿ ಒಂದು ತಟ್ಟೆಯನ್ನು ಕೆಳಗೆ ಒತ್ತಬಾರದು. ಕುಡಿಕೆಯಿದ್ದವನು ತನ್ನ ನೀರನ್ನು ತಾನು ಕುಡಿಯುವಾಗ ಜೊತೆಗಾರನಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ. ಅಧಿಕಾರಿಯ ಆಜ್ಞೆಗೆ ಹೆದರಿ ಕೊಲ್ಲುವವನು ಕಿತ್ತುಕೊಳ್ಳುತ್ತಾನೆ. ಆದಕಾರಣ ಕುಡಿಕೆಯು ಜೊತೆಗಾರನ ಕೈಯಲ್ಲಿದ್ದರೆ ಅಕೀವನ ಹೆಸರು ಹೇಳಿ ಅದನ್ನು ಕಸಿಯುವುದಕ್ಕೆ ಯಾವನಿಗೂ ಅಧಿಕಾರವಿಲ್ಲ. ಇರುವುದನ್ನು ಉಳಿಸಿಕೊಳ್ಳಲು ಕೊಟ್ಟ ಅನುಮತಿಯನ್ನು ಇಲ್ಲದುದನ್ನು ದೋಚುವ ಸನ್ನದನ್ನಾಗಿ ಮಾಡಿಕೊಳ್ಳುವವರು ರಾವಾನ ತೀರ್ಪಿಗೆ ಏನು ಉತ್ತರ ಹೇಳುವರು?

ಈ ವಿವೇಚನೆಯು ಪಂಡಿತರ ಜಗಲಿಯಲ್ಲಿ ಮಾತ್ರ ನಿಂತುದಲ್ಲ. 1944ರಲ್ಲಿ ಆಷ್‌ವಿಟ್ಸ್ ಎಂಬ ಮರಣಶಿಬಿರದಲ್ಲಿ, ಯೆಹೂದ್ಯರ ಹೊಸವರ್ಷದ ಹಬ್ಬದ ಸಮಯಕ್ಕೆ, ನಾಜಿಗಳು ಸಾವಿರಕ್ಕೂ ಮಿಕ್ಕ ಬಾಲಕರನ್ನು ಕೊಲ್ಲುವುದಕ್ಕೆಂದು ಆರಿಸಿ ಒಂದು ಕೊಟ್ಟಡಿಯಲ್ಲಿ ಕೂಡಿಹಾಕಿದರು. ಕಾವಲಿನವರಿಗೆ ಲಂಚವಿತ್ತು ಒಬ್ಬನನ್ನು ಬಿಡಿಸಬಹುದಾಗಿತ್ತು. ಆದರೆ ಲೆಕ್ಕವು ಸರಿಯಾಗಿರಬೇಕಾದುದರಿಂದ ಬಿಡಿಸಿದವನ ಬದಲು ಹೊರಗಿನ ಇನ್ನೊಬ್ಬ ಬಾಲಕನನ್ನು ಹಿಡಿದು ಒಳಗೆ ನೂಕುತ್ತಿದ್ದರು. ಒಬ್ಬ ತಂದೆಯು ಅದೇ ಶಿಬಿರದಲ್ಲಿ ಸೆರೆಯಾಗಿದ್ದ ರಬ್ಬಿ ತ್ಸ್ವಿ ಹಿರ್ಷ್ ಮೈಸೆಲ್ಸ್ ಎಂಬವರ ಬಳಿಗೆ ಬಂದು, ತನ್ನ ಒಬ್ಬನೇ ಮಗನನ್ನು ಬಿಡಿಸಿಕೊಳ್ಳುವುದಕ್ಕೆ ಶಾಸ್ತ್ರದ ಅನುಮತಿಯಿದೆಯೇ ಎಂದು ಕೇಳಿದನು. ಗ್ರಂಥವಿಲ್ಲದ, ಸಮಾಲೋಚಿಸಲು ಬೇರೆ ವಿದ್ವಾಂಸರಿಲ್ಲದ ಆ ಸ್ಥಳದಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೇಳಲಾರೆನೆಂದು ಅವರು ಕಣ್ಣೀರಿಟ್ಟರು. ಎಷ್ಟು ಬೇಡಿದರೂ ಬಾಯಿ ಬಿಡಲಿಲ್ಲ. ಅನುಮತಿಯಿದ್ದರೆ ಗುರುವು ಹೇಳದೆ ಇರುತ್ತಿರಲಿಲ್ಲವೆಂದು ತಂದೆಯು ತಿಳಿದನು. ಮೌನವನ್ನೇ ನಿಷೇಧವೆಂದು ಸ್ವೀಕರಿಸಿ ಮಗನನ್ನು ಬಿಡಿಸದೆ ಉಳಿದನು. ಮೈಸೆಲ್ಸರು ಬದುಕಿ ಬಂದು ಇದನ್ನು ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಸ್ವಾರ್ಥವೇ ಯೆಹೂದ್ಯರ ಶಾಸ್ತ್ರವೆನ್ನುವ ನಿಂದಕರು ಈ ತಂದೆಯ ಎದುರಿಗೆ ಒಂದು ಗಳಿಗೆ ನಿಂತು ಆ ಮಾತನ್ನು ಮತ್ತೊಮ್ಮೆ ಆಡಲಿ. ಪುತ್ರವಾತ್ಸಲ್ಯವು ಎದೆಯನ್ನು ಸೀಳುತ್ತಿರುವಾಗಲೂ ಪರರ ಮಗನ ರಕ್ತವು ತನ್ನ ಮಗನ ರಕ್ತದಷ್ಟೇ ಕೆಂಪೆಂದು ಒಪ್ಪಿಕೊಂಡವನು ಆತನು.

ಕೊಲ್ಲಬಾರದು, ಕಸಿಯಬಾರದು ಎಂಬುದಿರಲಿ. ಪರರಿಗಾಗಿ ಅಪಾಯಕ್ಕೆ ಇಳಿಯಬೇಕೆಂಬ ಬಗ್ಗೆ ಶಾಸ್ತ್ರವೇನನ್ನುವುದು? ಇಲ್ಲಿ ಮತಭೇದಗಳುಂಟು. ಯೆರೂಸಲೇಮಿನ ತಾಲ್ಮುದಿನಲ್ಲಿ ರಬ್ಬಿಯೊಬ್ಬನು ಅಪಾಯದ ಸ್ಥಳದಲ್ಲಿ ಸೆರೆಸಿಕ್ಕಿದಾಗ, ಇನ್ನವನ ಆಸೆಯನ್ನು ಬಿಡತಕ್ಕದ್ದೇ ಎಂದು ರಬ್ಬಿ ಯೋನಾತಾನನು ಕೈಚೆಲ್ಲಿದನು. ರೇಷ್ ಲಾಕಿಷನಾದರೋ, ಕೊಂದೇನು ಇಲ್ಲವೆ ಸತ್ತೇನೆಂದು ಎದ್ದು ಹೋಗಿ ಅವನನ್ನು ಬಿಡಿಸಿ ತಂದನು. ಇದನ್ನಾಧರಿಸಿ, ಮರಣವು ನಿಶ್ಚಯವಲ್ಲದೆ ಕೇವಲ ಸಂದೇಹವಿರುವಲ್ಲಿ ಪರರ ರಕ್ಷಣೆಗೆ ಇಳಿಯಲೇಬೇಕೆಂದು ಕೆಲವರು ಸಾಧಿಸಿದರು. 16ನೆಯ ಶತಮಾನದ ಯೋಸೆಫ್ ಕಾರೋ ತನ್ನ ವ್ಯಾಖ್ಯಾನದಲ್ಲಿ ಈ ಮತವನ್ನು ಎತ್ತಿ ಹೇಳಿಯೂ, ಶುಲ್ಹಾನ್ ಆರೂಖ್ ಎಂಬ ತನ್ನ ಪ್ರಸಿದ್ಧ ಸ್ಮೃತಿಯಲ್ಲಿ ಅದನ್ನು ಸೇರಿಸಲಿಲ್ಲ. ಅದೇ ಕಾಲದ ದಾವೀದ್ ಇಬ್ನ್ ಜಿಮ್ರಾ ಇನ್ನೂ ಮುಂದೆ ಹೋದನು: ತನ್ನ ಒಂದು ಅವಯವವನ್ನು ಕೊಟ್ಟು ಪರರನ್ನು ಉಳಿಸುವುದು ಪುಣ್ಯವಂತರ ಗುಣವೇ ಹೊರತು ವಿಧಿಯಲ್ಲ, ಅದರಲ್ಲಿ ಪ್ರಾಣಾಪಾಯವೂ ಇದ್ದರೆ ಹಾಗೆ ಮಾಡುವವನು ಮೂಢಭಕ್ತನೆಂದು ತೀರ್ಪಿತ್ತನು. ಸ್ತಾವಕರು ಈ ಕಡೆಯ ಮಾತನ್ನು ಮಾತ್ರ ಕಂಠಪಾಠ ಮಾಡುತ್ತಾರೆ. ಆದರೆ 1908ರಲ್ಲಿ ತೀರಿಕೊಂಡ ಯೆಹೀಲ್ ಮಿಖೆಲ್ ಎಪ್‌ಸ್ಟೈನ್ ಎಂಬ ಆಚಾರ್ಯನು ಇದೇ ವಿಧಿಯನ್ನು ವಿವರಿಸುತ್ತ, ಅಪಾಯವನ್ನು ತಕ್ಕಡಿಯಲ್ಲಿಟ್ಟು ತೂಗಬೇಕು ನಿಜ, ಆದರೆ ತನ್ನ ಮೈಯನ್ನು ಮಿತಿಮೀರಿ ಕಾಪಾಡಿಕೊಳ್ಳಲೂಬಾರದೆಂದು ಎಚ್ಚರಿಸಿರುವನು. ಅದನ್ನು ಇವರೇಕೆ ಮರೆಯುತ್ತಾರೆ?

ಸ್ತಾವಕರಲ್ಲಿ ಗೌರವಕ್ಕೆ ಅರ್ಹನಾದವನೊಬ್ಬನಿದ್ದಾನೆ. ಅಹದ್ ಹಾಆಮ್ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಆಷೆರ್ ಗಿನ್ಸ್‌ಬರ್ಗನು (1856–1927) ಹೀಬ್ರೂ ಭಾಷೆಯ ಪ್ರೌಢಗದ್ಯಕಾರರಲ್ಲೊಬ್ಬನು. 1910ರ ಒಂದು ಪ್ರಬಂಧದಲ್ಲಿ ಅವನು ಕ್ರೈಸ್ತರ ನೀತಿಯು ಪ್ರೇಮದ ಮೇಲೆ, ಯೆಹೂದ್ಯರ ನೀತಿಯು ನಿರಪೇಕ್ಷವಾದ ನ್ಯಾಯದ ಮೇಲೆ ನಿಂತಿದೆಯೆಂದು ವಾದಿಸಿದನು. ಪರಾರ್ಥಕ್ಕಾಗಿ ತನ್ನನ್ನು ತೆತ್ತುಕೊಳ್ಳುವುದು ತಲೆಕೆಳಗಾದ ಸ್ವಾರ್ಥವೇ ಎಂದು ಹೇಳಿ, ಅಕೀವನ ನಿರ್ಣಯವನ್ನು ತನ್ನ ಸಾಕ್ಷಿಯಾಗಿ ನಿಲ್ಲಿಸಿದನು. ಅಕೀವನನ್ನೂ ರಾವಾನನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದುದು ಅವನ ಸೂಕ್ಷ್ಮಬುದ್ಧಿಗೆ ಭೂಷಣ. ಆದರೆ ಆಪತ್ಕಾಲದ ಒಂದು ವ್ಯವಸ್ಥೆಯನ್ನು ಒಂದು ಜನಾಂಗದ ಇಡಿಯ ನೀತಿಯೆಂದು ಹಿಗ್ಗಿಸಿದುದು ಅತಿವ್ಯಾಪ್ತಿ. ಅಕೀವನು ಹೇಳಿದುದು ಕುಡಿಯುವವನು ಅಪರಾಧಿಯಲ್ಲವೆಂದು. ಕೊಡುವವನು ಅವಿವೇಕಿಯೆಂದು ಅವನೆಲ್ಲಿ ಹೇಳಿದನು? 1957ರಲ್ಲಿ ಇಂಗ್ಲೆಂಡಿನ ರಬ್ಬಿ ಲೂಯಿ ಜೇಕಬ್ಸನು ಪ್ರಕಟಿಸಿದ ಲೇಖನವೊಂದರಲ್ಲಿ, ಸ್ನೇಹಿತನಿಗಾಗಿ ಪ್ರಾಣ ಕೊಡುವ ಉದಾತ್ತತೆಗೆ ಯೆಹೂದ್ಯಧರ್ಮದಲ್ಲಿ ಸ್ಥಾನವಿಲ್ಲವೆಂಬ ಅಭಿಪ್ರಾಯವನ್ನು ಎದುರಿಸಿ ವಾದಿಸಿರುವನು. ಅಕೀವನ ಬಾಳೇ ಇನ್ನೊಂದು ಸಾಕ್ಷಿ. ಕ್ರಿ. ಶ. 135ರ ಸುಮಾರಿಗೆ, ಧರ್ಮವನ್ನು ಬೋಧಿಸಬಾರದೆಂಬ ರೋಮನರ ಆಜ್ಞೆಯನ್ನು ಮೀರಿ ಬೋಧಿಸಿ, ಅವರ ಕೈಯಲ್ಲಿ ಚಿತ್ರಹಿಂಸೆಯಿಂದ ಸತ್ತನೆಂದು ಸಂಪ್ರದಾಯವು ಹೇಳುವುದು. ಪ್ರಾಣವನ್ನು ಉಳಿಸಿಕೊಳ್ಳುವುದೇ ಪರಮಧರ್ಮವೆಂದು ಅವನ ಮತವಾಗಿದ್ದರೆ ಅವನಿಗೆ ಮೌನದ ದಾರಿಯು ತೆರೆದೇ ಇದ್ದಿತು.

ಅನುಮತಿಯೆಂಬುದು ಅಭಿಮಾನಪಡುವ ವಸ್ತುವಲ್ಲವೆಂಬುದನ್ನು ಯೆರೂಸಲೇಮಿನ ತಾಲ್ಮುದು ಇನ್ನೊಂದು ಕಥೆಯಿಂದ ತಿಳಿಸುವುದು. ಉಲ್ಲಾ ಬಾರ್ ಕೋಷೆಬ್ ಎಂಬವನನ್ನು ಸರಕಾರವು ಹುಡುಕುತ್ತಿದ್ದಿತು. ಅವನು ಓಡಿಬಂದು ಲೋದ್ ಪಟ್ಟಣದಲ್ಲಿ ರಬ್ಬಿ ಯೆಹೋಷುವಾ ಬೆನ್ ಲೇವಿಯ ಆಶ್ರಯದಲ್ಲಿದ್ದನು. ದಂಡು ಬಂದು ಪಟ್ಟಣವನ್ನು ಸುತ್ತಿ, ಅವನನ್ನು ಒಪ್ಪಿಸದಿದ್ದರೆ ಪಟ್ಟಣವನ್ನೇ ಹಾಳುಮಾಡುವೆವೆಂದಿತು. ಒಬ್ಬನ ಹೆಸರನ್ನು ಗುರುತಿಸಿಯೇ ಕೇಳಿದಾಗ ಅವನನ್ನು ಒಪ್ಪಿಸಬಹುದೆಂದು ಶಾಸ್ತ್ರವಿತ್ತು. ರಬ್ಬಿಯು ಉಲ್ಲಾನನ್ನು ಒಡಂಬಡಿಸಿ ಒಪ್ಪಿಸಿದನು. ಅಂದಿನಿಂದ, ಅವನಿಗೆ ದರ್ಶನವೀಯುತ್ತಿದ್ದ ಪ್ರವಾದಿ ಎಲೀಯನು ಬರುವುದನ್ನು ನಿಲ್ಲಿಸಿದನು. ಅನೇಕ ಉಪವಾಸಗಳನ್ನು ಮಾಡಿದ ಮೇಲೆ ಕಾಣಿಸಿಕೊಂಡು, ಹಿಡಿದುಕೊಟ್ಟವರಿಗೆ ತನ್ನ ದರ್ಶನವೆಲ್ಲಿಯದೆಂದನು. ಶಾಸ್ತ್ರದಂತೆಯೇ ನಡೆದೆನಲ್ಲಾ ಎಂದು ರಬ್ಬಿಯು ಬಿನ್ನವಿಸಿದಾಗ, ಅದು ಪುಣ್ಯವಂತರಿಗೆ ಸಲ್ಲುವ ಶಾಸ್ತ್ರವೇ ಎಂದು ಎಲೀಯನು ಮರುಪ್ರಶ್ನೆಯನ್ನು ಹಾಕಿದನು. ನ್ಯಾಯಸ್ಥಾನವು ಯಾರನ್ನು ದಂಡಿಸಲಾರದೋ ಅವರೆಲ್ಲರೂ ಸಜ್ಜನರೆಂದು ಅರ್ಥವಲ್ಲ. ಆ ಶಾಸ್ತ್ರವನ್ನು ರಚಿಸಿದವರೇ ಇದನ್ನು ಅರಿತಿದ್ದರು.

ಸ್ತಾವಕರಿಗೆ ಕಡೆಯ ಉತ್ತರವು ಬಾವಾ ಮೆಟ್ಸಿಯಾದಲ್ಲಿಯೇ ಇದೆ. ಕಳೆದುಹೋದ ತನ್ನ ವಸ್ತುವನ್ನು ಹುಡುಕುವುದು ತಂದೆಯ ಅಥವಾ ಗುರುವಿನ ವಸ್ತುವನ್ನು ಹುಡುಕುವುದಕ್ಕಿಂತ ಮೊದಲೆಂದು ಅಲ್ಲಿಯ ವಿಧಿ. ತಾನೇ ದರಿದ್ರನಾಗಿ ಸಮಾಜಕ್ಕೆ ಭಾರವಾಗಬಾರದೆಂಬುದು ಇದರ ಆಧಾರ. ಇಷ್ಟನ್ನು ಹೇಳಿದ ರಾವ್ ಎಂಬ ಆಚಾರ್ಯನೇ ಒಡನೆಯೇ ಇನ್ನೊಂದನ್ನು ಸೇರಿಸಿದನು: ಈ ಅನುಮತಿಯನ್ನು ಯಾವನು ಸದಾ ಕಟ್ಟುನಿಟ್ಟಾಗಿ ಹಿಡಿದು ನಡೆಯುವನೋ ಅವನು ಕಡೆಗೆ ಆ ದಾರಿದ್ರ್ಯಕ್ಕೇ ಬೀಳುವನು. ನ್ಯಾಯವನ್ನು ಕೊಟ್ಟ ಕೈಯೇ ಅದರ ದುರ್ವಿನಿಯೋಗಕ್ಕೆ ಶಾಪವನ್ನೂ ಕೊಟ್ಟಿತು.

ಈಚಿನ ಕಾಲದ ನಡತೆಯೂ ಈ ಅರ್ಥವನ್ನೇ ಪುಷ್ಟೀಕರಿಸುವುದು. ಒಂದು ಮೂತ್ರಪಿಂಡವನ್ನು ಕೊಟ್ಟು ರೋಗಿಯನ್ನು ಉಳಿಸುವ ಶಸ್ತ್ರಚಿಕಿತ್ಸೆಯು ಸಾಧ್ಯವಾದಮೇಲೆ, ಇಬ್ನ್ ಜಿಮ್ರಾನ ತೀರ್ಪನ್ನು ಮುಂದಿಟ್ಟುಕೊಂಡೇ ವಿದ್ವಾಂಸರು ವಿಚಾರ ಮಾಡಿದರು. ಕೊಡಲೇಬೇಕೆಂಬ ಕಡ್ಡಾಯವಿಲ್ಲವೆಂಬುದು ಒಪ್ಪಿದ ಮಾತಾಯಿತು. ಆದರೂ ರಬ್ಬಿ ಓವಾದ್ಯಾ ಯೋಸೇಫರಂಥವರು, ಕೊಡುವವನಿಗೆ ಅಪಾಯವು ಅತ್ಯಲ್ಪವೆಂದು ವೈದ್ಯರು ಹೇಳುವುದರಿಂದ ಅದು ಪುಣ್ಯಕಾರ್ಯವೆಂದೇ ಸಾರಿದರು. 2009ರಲ್ಲಿ ಇಸ್ರೇಲಿನಲ್ಲಿ ರಬ್ಬಿ ಯೆಶಾಯಾಹು ಹೆಬರರು ಸ್ಥಾಪಿಸಿದ ಮತ್ನಾತ್ ಹಾಯಿಮ್ ಎಂಬ ಸಂಸ್ಥೆಯ ಮೂಲಕ ನೂರಾರು ಜನರು ಗುರುತುಪರಿಚಯವಿಲ್ಲದ ರೋಗಿಗಳಿಗೆ ತಮ್ಮ ದೇಹದ ಭಾಗವನ್ನೇ ಕೊಟ್ಟಿದ್ದಾರೆ. ಅವರಲ್ಲಿ ಹೆಚ್ಚಿನವರು ಶಾಸ್ತ್ರನಿಷ್ಠರೇ. ಅಕೀವನ ನಿರ್ಣಯವನ್ನು ಚೆನ್ನಾಗಿ ಓದಿದವರಿಗೆ ಅದು ಕೈ ಕಟ್ಟಲಿಲ್ಲ.

ಸ್ವಪ್ರಾಣನ್ಯಾಯದ ಫಲಿತವು ಇಷ್ಟು. ಬಾಯಾರಿ ಸಾಯುತ್ತಿರುವವನು ತನ್ನ ಕಡೆಯ ಗುಟುಕನ್ನು ತಾನೇ ಕುಡಿದು ಊರು ಮುಟ್ಟಿದರೆ, ಜನರು ಅವನನ್ನು ಕೊಲೆಗಾರನೆಂದು ಬೆರಳು ತೋರಿಸಬಾರದು. ಅವನೂ ತನ್ನನ್ನು ಹಾಗೆಂದುಕೊಂಡು ಬೇಯಬಾರದು. ಸೋತುಬಂದ ಆ ಜೀವಕ್ಕೆ ಶಾಸ್ತ್ರವು ತೋರಿದ ಕರುಣೆಯಿದು. ಅದರಲ್ಲಿ ಪಾಲು ಕೇಳುವ ಅರ್ಹತೆಯು ತುಂಬಿದ ಕಣಜದವನಿಗಿಲ್ಲ. ಬಾವಿಯ ದಡದಲ್ಲಿ ನಿಂತು ಹಗ್ಗವನ್ನು ಸುತ್ತಿಟ್ಟು, ಹೊರಗಿನವನಿಗೆ ಅಕೀವನ ಮಾತನ್ನು ಓದಿ ಹೇಳುವವನು ಮೊದಲು ಆ ಮಾತಿನ ಹಿಂದಿನ ಸಾಲನ್ನು ಓದಲಿ; ಅಲ್ಲಿ ಅವನ ಸಹೋದರನು ಅವನೊಡನೆ ಬದುಕಲು ಕಾದಿರುವನು.